ಮಲೆನಾಡಿನ ಮನೆಯಲ್ಲಿ ಮೌಂಟನ್ ಬೈಕ್ ರಿಪೇರಿ: ಯಾವ ಟೂಲ್ ಬೇಕು, ಯಾವುದು ಬೇಡ?

ಜೂನ್ ಬಂತೆಂದರೆ ಸಾಕು, ಗೇರ್ ಸೈಕಲ್ ಇಟ್ಟುಕೊಂಡವರ ಪ್ರಶ್ನೆಗಳೂ ಮಳೆಯ ಜೊತೆಗೇ ಶುರುವಾಗುತ್ತವೆ. ಚೈನ್ ಕಿರುಗುಟ್ಟುತ್ತಿದೆ, ಬ್ರೇಕ್ ಕೂಗುತ್ತಿದೆ, ಯಾವ ಕೀ ತರಲಿ, ಎಷ್ಟು ನಂಬರಿನದು? ನಾನು ಮೆಕ್ಯಾನಿಕ್ ಅಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯ ಕಡೆ ಮನೆ. ಹತ್ತು ವರ್ಷಗಳಿಂದ ನನ್ನ ಸೈಕಲ್ಲನ್ನು ನಾನೇ ಬಿಚ್ಚಿ ಜೋಡಿಸುತ್ತಿದ್ದೇನೆ, ಕಲಿತದ್ದರಲ್ಲಿ ಅರ್ಧ ಹಾಳು ಮಾಡಿಯೇ ಕಲಿತದ್ದು. ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಹೊಸ ಸೈಕಲ್ ತಂದೆ. ಮೊದಲು ಯಾವ ಟೂಲ್ ಕೊಳ್ಳಲಿ?

ಯಾವುದನ್ನೂ ಬೇಡ. ಮೊದಲು ಒಂದು ನೋಟ್‌ಬುಕ್ ಹಿಡಿದು ಸೈಕಲ್ಲಿನ ಪಕ್ಕ ಕುಳಿತುಕೊಳ್ಳಿ. ಹ್ಯಾಂಡಲ್‌ನಿಂದ ಶುರು ಮಾಡಿ ಹಿಂದಿನ ಗಾಲಿಯವರೆಗೆ ಪ್ರತಿಯೊಂದು ಬೋಲ್ಟಿನ ತಲೆಯನ್ನೂ ನೋಡಿ. ಆರು ಮೂಲೆಯ ಕುಳಿ ಇದ್ದರೆ ಅಲೆನ್ ಕೀ, ನಕ್ಷತ್ರದಂಥ ಕುಳಿ ಇದ್ದರೆ ಟಾರ್ಕ್ಸ್, ಹೊರಗಿನಿಂದ ಹಿಡಿಯುವ ಆರು ಮೂಲೆಯ ನಟ್ ಆದರೆ ಸ್ಪ್ಯಾನರ್. ಯಾರಿಂದಲಾದರೂ ಕೀ ಸೆಟ್ ಎರವಲು ತಂದು ಒಂದೊಂದಕ್ಕೂ ಕೂರಿಸಿ ನೋಡಿ, ಅಳತೆ ಬರೆದುಕೊಳ್ಳಿ. ಅರ್ಧ ಗಂಟೆಯ ಕೆಲಸ.

ನನ್ನ ಸೈಕಲ್ಲಿನ ಪಟ್ಟಿ ಹೀಗೆ ಬಂತು: ಹ್ಯಾಂಡಲ್ ಹಿಡಿಯುವ ಸ್ಟೆಮ್‌ಗೆ 4 ಮಿಲಿಮೀಟರ್, ಸೀಟಿನ ಕೊರಳಿಗೆ 5, ಸೀಟಿನ ಕೆಳಗೆ 6, ಬ್ರೇಕ್ ಕ್ಯಾಲಿಪರ್‌ಗೆ 5, ಬ್ರೇಕ್ ಡಿಸ್ಕಿನ ಆರು ಬೋಲ್ಟುಗಳಿಗೆ ಟಿ25 ಟಾರ್ಕ್ಸ್, ಬ್ರೇಕ್ ಹಿಡಿಕೆಯ ದೂರ ಸರಿಪಡಿಸಲು 2, ಪೆಡಲ್‌ಗೆ 15ರ ಸ್ಪ್ಯಾನರ್. ಅಷ್ಟೇ. ವರ್ಷದಲ್ಲಿ ಹತ್ತಕ್ಕೆ ಒಂಬತ್ತು ಬಾರಿ ಕೈ ಹೋಗುವುದು 4, 5, 6 ಮತ್ತು ಟಿ25ರ ಕಡೆಗೇ. ನಿಮ್ಮ ಪಟ್ಟಿ ಸ್ವಲ್ಪ ಬೇರೆ ಇರಬಹುದು. ಅಂಗಡಿಗೆ ಹೋಗುವಾಗ ಕೈಯಲ್ಲಿ ಇರಬೇಕಾದದ್ದು ಈ ಪಟ್ಟಿ, ಇನ್ನೊಬ್ಬರ ಶಿಫಾರಸಲ್ಲ, ನನ್ನದೂ ಅಲ್ಲ.

ನಲವತ್ತು ಟೂಲ್ ಇರುವ ಪೆಟ್ಟಿಗೆ ಸೆಟ್ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಬಹುದೇ?

ನಾನೂ ತೆಗೆದುಕೊಂಡಿದ್ದೆ. ನೀಲಿ ಪೆಟ್ಟಿಗೆ, ಒಳಗೆ ಒಂದೊಂದಕ್ಕೂ ಅದರದೇ ಗುಂಡಿ, ನೋಡುವುದಕ್ಕೆ ಮದುವೆಯ ಆಭರಣದ ಡಬ್ಬಿಯ ಹಾಗಿತ್ತು. ಅದರಲ್ಲಿ ನನ್ನ ಸೈಕಲ್ಲಿಗೆ ಸಂಬಂಧಪಟ್ಟದ್ದು ಹದಿನಾಲ್ಕು. ಉಳಿದವು ನನ್ನಲ್ಲಿ ಇಲ್ಲದ ಮಾದರಿಯ ಬಾಟಮ್ ಬ್ರಾಕೆಟ್‌ಗೆ (ಪೆಡಲ್ ತೋಳುಗಳ ನಡುವಿನ ಬೇರಿಂಗ್), ನಾನೆಂದೂ ಓಡಿಸದ ಹಳೆಯ ಮಾದರಿಯ ಕ್ರ್ಯಾಂಕ್‌ಗೆ (ಪೆಡಲ್ ಕೂರುವ ತೋಳು). ಆ ಹದಿನಾಲ್ಕರಲ್ಲಿ 5ರ ಅಲೆನ್ ಕೀ ಮೂರನೇ ತಿಂಗಳಿಗೇ ಮೂಲೆ ಸವೆದು ಗುಂಡಗಾಯಿತು. ಹೋಗುವಾಗ ಒಂದು ಬೋಲ್ಟಿನ ತಲೆಯನ್ನೂ ತಿಂದುಕೊಂಡು ಹೋಯಿತು.

ಒಳ್ಳೆಯ ಕಂಪನಿಯ ಪೆಟ್ಟಿಗೆ ಸೆಟ್‌ಗಳು ಚೆನ್ನಾಗಿಯೇ ಇರುತ್ತವೆ, ಆದರೆ ಅವುಗಳ ಬೆಲೆ ಕೇಳಿದರೆ ಆ ಸಾಲು ಬಿಟ್ಟು ಬಿಡಿಯಾಗಿ ಕೊಳ್ಳೋಣ ಎಂದೇ ಅನಿಸುತ್ತದೆ. ನನ್ನ ಆ ನೀಲಿ ಪೆಟ್ಟಿಗೆಯಲ್ಲಿ ಉಪಯೋಗಕ್ಕೆ ಬಂದ ಒಂದೇ ವಸ್ತು ಪೆಟ್ಟಿಗೆ. ಈಗ ಅದರಲ್ಲಿ ಅಮ್ಮ ಹೊಲಿಗೆಯ ಸಾಮಾನು ಇಟ್ಟುಕೊಂಡಿದ್ದಾರೆ.

ಅಲೆನ್ ಕೀ ಎಂದರೆ ಬಗ್ಗಿಸಿದ ಕಬ್ಬಿಣದ ಕಡ್ಡಿ. ಅದರಲ್ಲಿ ಒಳ್ಳೆಯದು, ಕೆಟ್ಟದ್ದು ಅಂತ ಏನಿದೆ?

ಎಲ್ಲವೂ ಇದೆ. ಹಣ ಹಾಕುವುದಿದ್ದರೆ ಮೊದಲು ಇಲ್ಲಿಯೇ ಹಾಕಿ. ಕೀ ಮತ್ತು ಕುಳಿಯ ನಡುವೆ ಕೂದಲೆಳೆಯಷ್ಟು ಸಡಿಲ ಇದ್ದರೂ ತಿರುಗಿಸುವ ಬಲವೆಲ್ಲ ಆರು ಮೂಲೆಗಳ ಮೇಲೆ ಬೀಳುತ್ತದೆ. ಮೆದು ಉಕ್ಕಿನ ಕೀ ಮೊದಲು ತಾನು ಸವೆಯುತ್ತದೆ, ಆಮೇಲೆ ಬೋಲ್ಟನ್ನು ಸವೆಸುತ್ತದೆ. ನಾಶಿಕ್‌ನ ತಪಾರಿಯಾದ ಸೆಟ್ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ, ಮನೆಯ ಕೆಲಸಕ್ಕೆ ಧಾರಾಳ ಸಾಕು. ಇನ್ನೂ ಒಂದು ಮೆಟ್ಟಿಲು ಮೇಲೆ ಹೋಗುವವರಿಗೆ ಬೊಂಡಸ್, ವೇರಾ ಇವೆ. ಉದ್ದ ತೋಳಿನ ಸೆಟ್ ಕೊಳ್ಳಿ, ಬಿಗಿಯಾದ ಬೋಲ್ಟ್ ಬಿಡಿಸುವಾಗ ಕೈಗೆ ಸಾಕಷ್ಟು ಹಿಡಿತ ಸಿಗುತ್ತದೆ. ತುದಿಯಲ್ಲಿ ಗುಂಡು ಇರುವ ಕೀ ಓರೆಯಾಗಿಯೂ ತಿರುಗುತ್ತದೆ, ಇಕ್ಕಟ್ಟಿನ ಜಾಗದಲ್ಲಿ ಅನುಕೂಲ. ಆದರೆ ಆ ಗುಂಡುತುದಿಯಿಂದ ಕೊನೆಯ ಬಿಗಿತ ಕೊಡಬೇಡಿ. ಮುರಿದರೆ ಗುಂಡು ಕುಳಿಯೊಳಗೇ ಉಳಿದುಬಿಡುತ್ತದೆ.

ನಮ್ಮ ಕಡೆಯದೇ ಒಂದು ತೊಂದರೆ ಇದೆ. ಜಂಬಿಟ್ಟಿಗೆಯ ಕೆಂಪು ಮಣ್ಣು ಬೋಲ್ಟಿನ ಕುಳಿಯಲ್ಲಿ ಕೂತು ಒಣಗಿದರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಮೇಲಿನಿಂದ ನೋಡಿದರೆ ಕುಳಿ ಖಾಲಿ ಇರುವಂತೆಯೇ ಕಾಣುತ್ತದೆ. ಕೀ ಹಾಕುತ್ತೀರಿ, ಅದು ಅರ್ಧ ಮಾತ್ರ ಒಳಗೆ ಹೋಗಿರುತ್ತದೆ, ತಿರುಗಿಸುತ್ತೀರಿ, ‘ಟಕ್’ ಎಂದು ಜಾರುತ್ತದೆ. ಅಲ್ಲಿಗೆ ಆ ಬೋಲ್ಟಿನ ಕಥೆ ಮುಗಿಯಿತು. ಅಗ್ಗದ ಕೀ ಕೆಡಿಸಿದ ಬೋಲ್ಟುಗಳಿಗಿಂತ ಈ ಮಣ್ಣು ಕೆಡಿಸಿದ ಬೋಲ್ಟುಗಳೇ ನನ್ನ ಲೆಕ್ಕದಲ್ಲಿ ಹೆಚ್ಚು. ಹಾಗಾಗಿ ನನ್ನ ಹತ್ಯಾರುಗಳಲ್ಲಿ ಗೋಣಿ ಹೊಲಿಯುವ ದಬ್ಬಳವೂ ಒಂದು. ಕೀ ಹಾಕುವ ಮೊದಲು ದಬ್ಬಳದ ತುದಿಯಿಂದ ಕುಳಿ ಕೆರೆದು, ಒಮ್ಮೆ ಊದಿ, ಕೀ ತಳ ಮುಟ್ಟಿತೇ ಎಂದು ಬೆರಳಿನಿಂದ ತಟ್ಟಿ ನೋಡಿ. ತಳ ಮುಟ್ಟಿದಾಗ ಬರುವ ಸದ್ದೇ ಬೇರೆ.

ಅಪ್ಪಯ್ಯನ ಟೂಲ್ ಪೆಟ್ಟಿಗೆ ಮನೆಯಲ್ಲಿದೆ. ಪಂಪ್‌ಸೆಟ್‌ಗೂ ಸ್ಕೂಟರ್‌ಗೂ ಅದೇ. ಸೈಕಲ್ಲಿಗೆ ಆಗುವುದಿಲ್ಲವೇ?

ಅರ್ಧಕ್ಕರ್ಧ ಆಗುತ್ತದೆ. ರಿಂಗ್ ಸ್ಪ್ಯಾನರ್, ಕಟಿಂಗ್ ಪ್ಲೇಯರ್, ಅರ, ರಬ್ಬರ್ ಸುತ್ತಿಗೆ ಇದ್ದರೆ ಮತ್ತೆ ಕೊಳ್ಳಬೇಡಿ. ಎಚ್ಚರ ಬೇಕಾದ ಜಾಗ ಎರಡು.

ಪೆಡಲ್ ಮತ್ತು ಕ್ರ್ಯಾಂಕ್ ನಡುವಿನ ಸಂದಿ ಕಿರಿದು. ಮಾಮೂಲಿ 15ರ ಸ್ಪ್ಯಾನರಿನ ಬಾಯಿ ದಪ್ಪ, ಎಷ್ಟೋ ಪೆಡಲ್‌ಗಳಲ್ಲಿ ಒಳಗೆ ಹೋಗುವುದೇ ಇಲ್ಲ. ತೆಳು ಬಾಯಿಯ ಪೆಡಲ್ ಸ್ಪ್ಯಾನರ್ ಬೇಕು. ಪೆಡಲ್ ಕಂಬದ ಒಳತುದಿಯಲ್ಲಿ 6 ಅಥವಾ 8ರ ಅಲೆನ್ ಕುಳಿ ಇದ್ದರೆ ಅದೂ ಬೇಡ.

ಇನ್ನೊಂದು ಪ್ಲಸ್ ಸ್ಕ್ರೂ ಡ್ರೈವರ್. ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಗೇರ್ ಡಿರೈಲರಿನ ಪುಟ್ಟ ಸ್ಕ್ರೂಗಳಲ್ಲಿ ಹೆಚ್ಚಿನವು ಜಪಾನಿ ಮಾನದಂಡದವು, ಕುಳಿಯ ಆಕಾರ ಮಾಮೂಲಿ ಫಿಲಿಪ್ಸ್‌ಗಿಂತ ಸ್ವಲ್ಪ ಬೇರೆ. ಮನೆಯ ಡ್ರೈವರ್ ಅದರಲ್ಲಿ ಪೂರ್ತಿ ಕೂರದೆ ಮೇಲಕ್ಕೆ ಜಾರುತ್ತದೆ, ಸ್ಕ್ರೂವಿನ ತಲೆ ಕಿತ್ತುಬರುತ್ತದೆ. ಜೆಐಎಸ್ ಗುರುತಿನ ಒಂದೇ ಒಂದು ಡ್ರೈವರ್ ತಂದಿಟ್ಟುಕೊಳ್ಳಿ. ಜಪಾನಿ ಮೂಲದ ಮೋಟರ್ ಸೈಕಲ್ಲುಗಳಿಗೂ ಅದು ಚೆನ್ನಾಗಿ ಕೂರುತ್ತದೆ, ಅಪ್ಪಯ್ಯನ ಬೈಗುಳ ತಪ್ಪುತ್ತದೆ.

ತಿರುಗಿಸಿ ಅಳತೆ ಬದಲಿಸುವ ಸ್ಪ್ಯಾನರನ್ನು ಮಾತ್ರ ಸೈಕಲ್ಲಿನ ಹತ್ತಿರ ತರಬೇಡಿ. ಅಲ್ಯೂಮಿನಿಯಂ ನಟ್‌ಗೆ ಅದು ಶತ್ರು.

ಎಡಗಡೆ ಪೆಡಲ್ ಬಿಚ್ಚಲು ಆಗುತ್ತಲೇ ಇಲ್ಲ. ದೊಡ್ಡ ಟೂಲ್ ಬೇಕೇ?

ಬಹುಶಃ ಬೇಡ. ಎಡ ಪೆಡಲಿನ ಥ್ರೆಡ್ ಉಲ್ಟಾ. ನೀವು ಇಷ್ಟು ಹೊತ್ತು ಬಿಗಿ ಮಾಡುತ್ತಿದ್ದಿರಿ. ಎಡ, ಬಲ ನೆನಪಿಟ್ಟುಕೊಳ್ಳುವುದು ಬೇಡ: ಸ್ಪ್ಯಾನರ್ ಮೇಲ್ಮುಖವಾಗಿ ನಿಲ್ಲುವಂತೆ ಹಾಕಿ, ಅದರ ತುದಿಯನ್ನು ಸೈಕಲ್ಲಿನ ಹಿಂದಿನ ಗಾಲಿಯ ಕಡೆಗೆ ಎಳೆದರೆ ಎರಡೂ ಪೆಡಲ್ ಬಿಚ್ಚಿಕೊಳ್ಳುತ್ತವೆ. ಚೈನನ್ನು ಮುಂದಿನ ದೊಡ್ಡ ಹಲ್ಲಿನ ಚಕ್ರದ ಮೇಲೆ ಹಾಕಿಕೊಂಡು ಕೆಲಸ ಮಾಡಿ. ಕೈ ಜಾರಿದರೆ ಹಲ್ಲುಗಳು ಗೆಣ್ಣು ಸುಲಿಯುತ್ತವೆ. ನನ್ನ ಬಲಗೈಯ ಮಧ್ಯದ ಬೆರಳಿನ ಮೇಲೆ ಈಗಲೂ ಮೂರು ಚುಕ್ಕಿಗಳಿವೆ, ಸರಿಯಾಗಿ ಅರ್ಧ ಇಂಚಿನ ಅಂತರದಲ್ಲಿ. ಮತ್ತೆ ಹಾಕುವಾಗ ಥ್ರೆಡ್‌ಗೆ ಗ್ರೀಸ್ ಸವರಿ.

ಪಂಕ್ಚರ್‌ಗೆ ಏನೇನು ಬೇಕು?

ಪ್ಲಾಸ್ಟಿಕ್ ಟಯರ್ ಲಿವರ್ ಎರಡು, ಪ್ಯಾಚ್, ಸೊಲ್ಯೂಷನ್, ಉಜ್ಜುವ ಕಾಗದ, ಪಂಪು. ಸ್ಕ್ರೂ ಡ್ರೈವರ್‌ನಿಂದ ಟಯರ್ ಎಬ್ಬಿಸಬೇಡಿ, ಒಂದು ತೂತು ಮುಚ್ಚಲು ಹೋಗಿ ಎರಡು ಮಾಡಿಕೊಳ್ಳುತ್ತೀರಿ. ಸೊಲ್ಯೂಷನ್ ಹಚ್ಚಿದ ಕೂಡಲೇ ಪ್ಯಾಚ್ ಅಂಟಿಸುವುದು ಎಲ್ಲರೂ ಮಾಡುವ ತಪ್ಪು. ಅದರ ಹೊಳಪು ಹೋಗಿ ಮಂಕಾಗುವವರೆಗೆ ಕಾಯಬೇಕು. ಮಳೆಗಾಲದಲ್ಲಿ ಆ ಕಾಯುವಿಕೆ ಬೇಸಿಗೆಗಿಂತ ಜಾಸ್ತಿ.

ಮಂಡಗದ್ದೆ, ಸಕ್ರೆಬೈಲಿನ ಕಡೆ ಓಡಿಸುವವರಿಗೆ ಬಿದಿರಿನ ಮುಳ್ಳಿನ ಪರಿಚಯ ಇದ್ದೇ ಇರುತ್ತದೆ. ಅದು ಚುಚ್ಚಿ ತುದಿ ಮುರಿದು ಟಯರಿನೊಳಗೇ ಉಳಿಯುತ್ತದೆ. ಟ್ಯೂಬಿಗೆ ಪ್ಯಾಚ್ ಹಾಕಿ ಜೋಡಿಸಿದರೆ ಹತ್ತು ನಿಮಿಷದಲ್ಲಿ ಅದೇ ಜಾಗದಲ್ಲಿ ಮತ್ತೆ ಗಾಳಿ ಹೋಗುತ್ತದೆ. ಟಯರಿನ ಒಳಮೈ ಪೂರ್ತಿ ಬೆರಳಾಡಿಸಿ ನೋಡಿ, ನಿಧಾನವಾಗಿ. ಅವಸರ ಮಾಡಿದರೆ ಮುಳ್ಳು ನಿಮಗೇ ಸಿಗುತ್ತದೆ. ಕೀಳಲು ಅಮ್ಮನ ಹುಬ್ಬಿನ ಚಿಮಟ ಕೇಳಿ ಇಸಿದುಕೊಳ್ಳಿ. ನಾನು ಹೇಳಿದೆ ಎನ್ನಬೇಡಿ.

ಪಂಪಿನ ವಿಷಯ: ನಿಮ್ಮ ಟ್ಯೂಬಿನ ವಾಲ್ವ್ ಯಾವುದೆಂದು ನೋಡಿ. ಸ್ಕೂಟರಿನಂಥ ದಪ್ಪ ವಾಲ್ವ್ ಶ್ರೇಡರ್, ಪೆಟ್ರೋಲ್ ಬಂಕಿನಲ್ಲೂ ಗಾಳಿ ತುಂಬಿಸಬಹುದು. ತೆಳುವಾಗಿ ಉದ್ದಕ್ಕೆ ಇದ್ದು ತುದಿಯಲ್ಲಿ ಪುಟ್ಟ ತಿರುಪು ಇದ್ದರೆ ಪ್ರೆಸ್ಟಾ. ಅದಕ್ಕೆ ಹಿತ್ತಾಳೆಯ ಚಿಕ್ಕ ಅಡಾಪ್ಟರ್ ಒಂದು ಸಿಗುತ್ತದೆ, ಹಾಕಿಕೊಂಡರೆ ಊರಿನ ಯಾವ ಪಂಕ್ಚರ್ ಅಂಗಡಿಯಾದರೂ ಆದೀತು. ಎರಡು ತಂದು ಒಂದನ್ನು ವಾಲ್ವಿಗೇ ಸಿಕ್ಕಿಸಿಟ್ಟಿರಿ, ಏಕೆಂದರೆ ಇನ್ನೊಂದು ಕಳೆದೇ ಹೋಗುತ್ತದೆ. ಮನೆಗೆ ನೆಲದ ಮೇಲೆ ನಿಲ್ಲಿಸಿ ಒತ್ತುವ, ಮೀಟರ್ ಇರುವ ಪಂಪು ಕೊಳ್ಳಿ. ಮೌಂಟನ್ ಬೈಕಿಗೆ ಸಾಮಾನ್ಯವಾಗಿ 25ರಿಂದ 35 ಪಿಎಸ್‌ಐ ಸಾಕು. ಟಯರಿನ ಮಗ್ಗುಲಲ್ಲಿ ಮಿತಿ ಬರೆದಿರುತ್ತದೆ, ಸವಾರನ ತೂಕ ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಹೆಬ್ಬೆರಳಲ್ಲಿ ಒತ್ತಿ ‘ಕಲ್ಲಾಗಿದೆ’ ಎನ್ನುವವರೆಗೆ ತುಂಬಿಸಿದರೆ ಒದ್ದೆ ಬೇರಿನ ಮೇಲೆ ಗಾಲಿ ಸೋಪಿನಂತೆ ಜಾರುತ್ತದೆ.

ಚೈನ್ ಟೂಲ್‌ಗಳಲ್ಲಿ ಯಾವುದು ಬೇಕೇ ಬೇಕು?

ಸವೆತ ಅಳೆಯುವ ಚೆಕ್ಕರ್ ಮತ್ತು ಚೈನ್ ಕಳಚುವ ಬ್ರೇಕರ್. ಇವೆರಡರಲ್ಲಿ ಚೆಕ್ಕರ್ ಮೊದಲು. ಸವೆದ ಚೈನ್ ಕ್ಯಾಸೆಟ್ಟಿನ (ಹಿಂದಿನ ಗಾಲಿಯ ಹಲ್ಲಿನ ಚಕ್ರಗಳ ಗೊಂಚಲು) ಹಲ್ಲನ್ನೂ ಸವೆಸುತ್ತದೆ, ಆಮೇಲೆ ಹೊಸ ಚೈನ್ ಹಾಕಿದರೂ ಅದು ಹಳೆಯ ಹಲ್ಲಿನ ಮೇಲೆ ಹಾರುತ್ತದೆ. ಎರಡನ್ನೂ ಕೊಳ್ಳಬೇಕಾಗುತ್ತದೆ. ಒಂದು ಚೆಕ್ಕರಿನ ಬೆಲೆ ಕ್ಯಾಸೆಟ್ಟಿನ ಬೆಲೆಯ ಮುಂದೆ ಏನೂ ಅಲ್ಲ.

ಚೆಕ್ಕರ್ ಸಿಗುವವರೆಗೆ ಉಕ್ಕಿನ ಸ್ಕೇಲ್ ಸಾಕು. ಚೈನಿನ ಪಿನ್ನಿಂದ ಪಿನ್ನಿಗೆ ಅರ್ಧ ಇಂಚು. ಒಂದು ಪಿನ್ನಿನ ನಡುವೆ ಸ್ಕೇಲಿನ ಸೊನ್ನೆ ಇಟ್ಟು, ಅದನ್ನು ಬಿಟ್ಟು 24 ಪಿನ್ ಎಣಿಸಿದರೆ ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚು, ಅಂದರೆ 304.8 ಮಿಲಿಮೀಟರ್ ಬರುತ್ತದೆ. 306.3ಕ್ಕೆ ಬಂದರೆ ಅರ್ಧ ಶೇಕಡಾ ಹಿಗ್ಗಿದೆ. 11 ಅಥವಾ 12 ಗೇರಿನ ಚೈನ್ ಆದರೆ ಬದಲಿಸಿ. 10 ಅಥವಾ ಅದಕ್ಕಿಂತ ಕಡಿಮೆ ಗೇರಿನದು 307ರವರೆಗೆ ತಡೆಯುತ್ತದೆ. ಪೆಡಲ್ ಮೇಲೆ ಭಾರ ಇಟ್ಟು ಚೈನ್ ಬಿಗಿಯಾಗಿರುವಾಗಲೇ ಅಳೆಯಬೇಕು.

ಮಲೆನಾಡಿನ ಮಳೆಗಾಲದಲ್ಲಿ ಚೈನ್ ಬಯಲುಸೀಮೆಗಿಂತ ಬೇಗ ಸವೆಯುತ್ತದೆ. ಕಾರಣ ನೀರಲ್ಲ, ನೀರಿನ ಜೊತೆ ಒಳಗೆ ಸೇರುವ ಮರಳು. ಸಣ್ಣ ಮರಳು, ಎಣ್ಣೆ ಸೇರಿದರೆ ಅರಕ್ಕೆ ಸಮ.

ಕೊಂಡಿ ತೆಗೆಯುವ ವಿಶೇಷ ಪ್ಲೇಯರ್ ಚೆನ್ನಾಗಿದೆ, ಆದರೆ ಎರಡನೇ ವರ್ಷಕ್ಕೆ ಮುಂದೂಡಬಹುದು.

ಚೈನಿಗೆ ಕೊಬ್ಬರಿ ಎಣ್ಣೆ ಹಾಕಬಹುದೇ? ಹಳೆಯ ಎಂಜಿನ್ ಆಯಿಲ್? ಡಬ್ಲ್ಯುಡಿ-40?

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಗ್ಗೆ ಬಚ್ಚಲುಮನೆಯ ಬಾಟಲಿ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಬೆಚ್ಚಗಿರುವಾಗಲೂ ಕೆಲವು ದಿನಗಳಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ. ತಲೆಗೆ ಒಳ್ಳೆಯದು, ಚೈನಿಗೆ ಅಲ್ಲ.

ಹಳೆಯ ಎಂಜಿನ್ ಆಯಿಲ್‌ನಲ್ಲಿ ಎಂಜಿನ್ ಸವೆದ ಲೋಹದ ಪುಡಿ, ಮಸಿ ಎಲ್ಲ ಇರುತ್ತದೆ. ಅದನ್ನು ಚೈನಿಗೆ ಹಾಕುವುದೆಂದರೆ ಕೊಳೆಯನ್ನು ದುಡ್ಡಿಲ್ಲದೆ ಕೊಂಡಂತೆ.

ಡಬ್ಲ್ಯುಡಿ-40 ಅಮೆರಿಕದಲ್ಲಿ 1953ರಲ್ಲಿ ತಯಾರಾದದ್ದೇ ಲೋಹದಿಂದ ನೀರನ್ನು ಹೊರದೂಡಲು. ಹೆಸರಿನ ಅರ್ಥವೂ ಅದೇ, 40 ಎಂದರೆ ನಲವತ್ತನೇ ಪ್ರಯತ್ನ. ನೆನೆದು ಬಂದ ಚೈನಿಗೆ ಹೊಡೆದು, ಬಟ್ಟೆಯಲ್ಲಿ ಒರೆಸಿ, ಆಮೇಲೆ ಸರಿಯಾದ ಎಣ್ಣೆ ಹಾಕುವುದಾದರೆ ಬಹಳ ಉಪಯೋಗಿ. ಅದನ್ನೇ ಎಣ್ಣೆ ಎಂದುಕೊಂಡರೆ ಎರಡನೇ ದಿನಕ್ಕೆ ಚೈನ್ ಮತ್ತೆ ಹಾಡುತ್ತದೆ. ಬ್ರೇಕ್ ಡಿಸ್ಕಿನ ಹತ್ತಿರ ಮಾತ್ರ ಯಾವ ಸ್ಪ್ರೇಯನ್ನೂ ಹೊಡೆಯಬೇಡಿ.

ಹಾಗಾದರೆ ಯಾವುದು? ಮಳೆಗಾಲಕ್ಕೆ ‘ವೆಟ್’ ಎಂದು ಬರೆದ ಚೈನ್ ಲೂಬ್, ಬೇಸಿಗೆಯ ಧೂಳಿಗೆ ‘ಡ್ರೈ’. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಕಡೆಯವರಿಗೆ ಡ್ರೈ ಬಾಟಲಿ ಒಂದೇ ಒಂದು ಇದ್ದರೆ ಹಲವು ವರ್ಷ ಬಂದೀತು. ಪ್ರತಿ ಕೊಂಡಿಗೆ ಒಂದು ಹನಿ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನೆಲ್ಲ ಒರೆಸಿಬಿಡಿ. ಎಣ್ಣೆಗೆ ಒಳಗೆ ಕೆಲಸ, ಹೊರಗೆ ಅದು ಮಣ್ಣಿಗೆ ಗೋಂದು. ತೊಳೆಯಲು ಸೀಮೆಎಣ್ಣೆ ಅಥವಾ ಡೀಸೆಲ್, ಹಳೆಯ ಟೂತ್‌ಬ್ರಷ್. ತೊಳೆದ ನೀರು ತೋಟದ ಕಪ್ಪಿಗೆ (ಬಸಿಗಾಲುವೆಗೆ) ಹೋಗದ ಹಾಗೆ ನೋಡಿಕೊಳ್ಳಿ.

ಅಡಿಕೆಗೆ ಔಷಧಿ ಹೊಡೆಯುವ ಪಂಪಿನಿಂದ ಸೈಕಲ್ ತೊಳೆದರೆ ಐದೇ ನಿಮಿಷ. ತಪ್ಪೇನು?

ಎರಡು ತಪ್ಪು. ಅಡಿಕೆ ಮರದ ತಲೆಗೆ ಮುಟ್ಟುವ ಒತ್ತಡ ಬೇರಿಂಗಿನ ರಬ್ಬರ್ ಸೀಲನ್ನು ದಾಟಿ ಒಳಗೆ ನೀರು ನುಗ್ಗಿಸುತ್ತದೆ. ಗ್ರೀಸ್ ತೊಳೆದುಹೋಗುತ್ತದೆ, ಹೊರಗಿನಿಂದ ಸೈಕಲ್ ಮಾತ್ರ ಫಳಫಳ. ತಿಂಗಳ ಮೇಲೆ ಬಾಟಮ್ ಬ್ರಾಕೆಟ್ ಗರಗರ ಎನ್ನುತ್ತದೆ.

ಎರಡನೆಯದು ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ. ಅದರಲ್ಲಿರುವ ಮೈಲುತುತ್ತದ ತಾಮ್ರದ ಅಂಶ ಪಂಪಿನಲ್ಲಿ, ಪೈಪಿನಲ್ಲಿ ಉಳಿದಿರುತ್ತದೆ. ತಾಮ್ರದ ಲವಣ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ನಿಮ್ಮ ಫ್ರೇಮು, ರಿಮ್ಮು ಎರಡೂ ಸಾಮಾನ್ಯವಾಗಿ ಅಲ್ಯೂಮಿನಿಯಮ್ಮೇ. ಬಕೆಟ್, ಚೊಂಬು, ಟಯರ್ ಉಜ್ಜಲು ತೆಂಗಿನ ನಾರು, ಉಳಿದದ್ದಕ್ಕೆ ಮೆದು ಬ್ರಷ್. ಒದ್ದೆ ಮಣ್ಣು ಒಣಗುವ ಮೊದಲೇ ತೊಳೆದರೆ ಇದೂ ಹತ್ತು ನಿಮಿಷದ ಕೆಲಸ.

ರಿಪೇರಿ ಸ್ಟ್ಯಾಂಡ್ ಬೇಕೇ?

ಹಳೆಯ ಮನೆಯಾದರೆ ಬೇಡ. ಜಗುಲಿಯ ತೊಲೆಗೆ ಎರಡು ಹಗ್ಗ ಇಳಿಬಿಟ್ಟು ಒಂದಕ್ಕೆ ಸೀಟಿನ ಮೂತಿ, ಇನ್ನೊಂದಕ್ಕೆ ಹ್ಯಾಂಡಲ್ ಸಿಕ್ಕಿಸಿ. ಪೆಡಲ್ ಕೈಗೆ ಸಿಗುವ ಎತ್ತರದಲ್ಲಿ ಬರಬೇಕು, ಬಗ್ಗುವ ಹಾಗಿರಬಾರದು. ಹಗ್ಗ ತೂಗಾಡುತ್ತದೆ ಎನ್ನುವುದೊಂದೇ ತಕರಾರು. ಮುಂದಿನ ಗಾಲಿಯಿಂದ ಕಂಬಕ್ಕೊಂದು ದಾರ ಕಟ್ಟಿದರೆ ಅದೂ ಇಲ್ಲ. ಅಜ್ಜಿ ಮೊದಲ ದಿನ ನೋಡಿ, “ಇದೇನೋ, ಸೈಕಲ್ಲಿಗೆ ತೊಟ್ಟಿಲು ಕಟ್ಟಿದ್ದೀಯ?” ಎಂದಿದ್ದರು. ಹೆಸರು ಹಾಗೇ ಉಳಿಯಿತು.

ತಾರಸಿ ಮನೆಯವರು, ಬಾಡಿಗೆ ಮನೆಯವರು ಮಡಚುವ ಸ್ಟ್ಯಾಂಡ್ ಕೊಳ್ಳಬಹುದು. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸುವುದು ಪಂಕ್ಚರ್‌ಗೆ ಪರವಾಗಿಲ್ಲ. ಆದರೆ ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕ್ ಇದ್ದು ಹಿಡಿಕೆಯ ಎಣ್ಣೆ ತೊಟ್ಟಿಯಲ್ಲಿ ಸ್ವಲ್ಪ ಗಾಳಿ ಇದ್ದರೆ ಅದು ಪೈಪಿಗೆ ಸೇರಿ, ಬ್ರೇಕ್ ಸ್ಪಂಜಿನ ಹಾಗಾಗುತ್ತದೆ.

ಬಿಚ್ಚಿದ ಬೋಲ್ಟುಗಳನ್ನು ಇಡಲು ಅಡಿಕೆ ಹಾಳೆಯ ತಟ್ಟೆಗಿಂತ ಒಳ್ಳೆಯದು ಇನ್ನೊಂದಿಲ್ಲ. ಅಂಚು ಎತ್ತರ, ಉರುಳಿ ಹೋಗುವುದಿಲ್ಲ, ಎಣ್ಣೆಯಾದರೆ ಒಲೆಗೆ ಹಾಕಿದರಾಯಿತು.

ಬಿಗಿಯುವ ಬಲ ಅಳೆಯುವ ಟಾರ್ಕ್ ವ್ರೆಂಚ್ ದುಬಾರಿ. ನಿಜವಾಗಿಯೂ ಅಗತ್ಯವೇ?

ಕಾರ್ಬನ್ ಹ್ಯಾಂಡಲ್, ಕಾರ್ಬನ್ ಫ್ರೇಮ್ ಇದ್ದರೆ ಅಗತ್ಯ, ಚರ್ಚೆಯಿಲ್ಲ. ಅಲ್ಯೂಮಿನಿಯಂ ಸೈಕಲ್ ಆದರೆ ಕೈಯ ಅಂದಾಜು ಕಲಿಯಬಹುದು. ಸ್ಟೆಮ್ ಬೋಲ್ಟಿನ ಪಕ್ಕ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಎಂದೋ ಅದರ ಆಸುಪಾಸಿನ ಅಂಕಿಯೋ ಬರೆದಿರುತ್ತದೆ. ಹತ್ತು ಸೆಂಟಿಮೀಟರ್ ಉದ್ದದ ಕೀಯ ತುದಿಗೆ ಐದು ಕಿಲೋ ಅಕ್ಕಿಯ ಚೀಲ ತೂಗುಹಾಕಿದರೆ ಬರುವ ಬಲ ಅದು. ಒಮ್ಮೆ ನಿಜವಾಗಿ ತೂಗುಹಾಕಿ ನೋಡಿ. ನಾವು ಮಾಮೂಲಾಗಿ ಎಷ್ಟು ಜಾಸ್ತಿ ಬಿಗಿ ಮಾಡುತ್ತೇವೆ ಎಂದು ನಾಚಿಕೆಯಾಗುತ್ತದೆ. ಕ್ಯಾಸೆಟ್ಟಿನ ಲಾಕ್‌ರಿಂಗ್ ಮಾತ್ರ 40 ಕೇಳುತ್ತದೆ, ಅಲ್ಲಿ ದಾಕ್ಷಿಣ್ಯ ಬೇಡ.

ಕೊಳ್ಳುವುದಾದರೆ 2ರಿಂದ 14 ಅಥವಾ 4ರಿಂದ 24 ನ್ಯೂಟನ್ ಮೀಟರಿನ ಚಿಕ್ಕದು. ಗ್ಯಾರೇಜಿನ ದೊಡ್ಡ ವ್ರೆಂಚ್ ಈ ಸಣ್ಣ ಬಲವನ್ನು ಅಳೆಯುವುದೇ ಇಲ್ಲ. ಮೂರು ನಾಲ್ಕು ಜನ ಸವಾರರು ಸೇರಿ ಒಂದನ್ನು ಕೊಂಡರೆ ತಲೆನೋವಿಲ್ಲ, ಅದು ಯಾರ ಮನೆಯಲ್ಲಿರಬೇಕು ಎಂಬ ಜಗಳ ಬಿಟ್ಟರೆ.

ಡಿಸ್ಕ್ ಬ್ರೇಕ್‌ಗೆ ಮನೆಯಲ್ಲಿ ಕೈ ಹಾಕಬಹುದೇ?

ಪ್ಯಾಡ್ ಬದಲಿಸಬಹುದು, ಬದಲಿಸಲು ಕಲಿಯಲೇಬೇಕು. ಆಗುಂಬೆ ಘಾಟಿಯಿಂದ ಸೋಮೇಶ್ವರಕ್ಕೆ ಮಳೆಯಲ್ಲಿ ಒಮ್ಮೆ ಇಳಿದು ನೋಡಿ, ಪ್ಯಾಡ್ ಎಷ್ಟು ಬೇಗ ಕರಗುತ್ತದೆ ಎಂದು ಗೊತ್ತಾಗುತ್ತದೆ. ಒದ್ದೆಯಲ್ಲಿ ರೆಸಿನ್ ಪ್ಯಾಡಿಗಿಂತ ಸಿಂಟರ್ಡ್ ಲೋಹದ ಪ್ಯಾಡ್ ಹೆಚ್ಚು ದಿನ ಬರುತ್ತದೆ, ಕೂಗುವುದೂ ಹೆಚ್ಚು. ಡಿಸ್ಕ್ ಮೇಲೆ ‘ರೆಸಿನ್ ಮಾತ್ರ’ ಎಂದು ಇಂಗ್ಲಿಷಿನಲ್ಲಿ ಕೊರೆದಿದ್ದರೆ ಸಿಂಟರ್ಡ್ ಹಾಕಬೇಡಿ. ಬೇಕಾದ ಟೂಲ್ ಕಡಿಮೆ: ಪ್ಯಾಡ್ ಪಿನ್ನಿಗೆ ಅಲೆನ್ ಕೀ ಅಥವಾ ಪ್ಲೇಯರ್, ಪಿಸ್ಟನ್ ಹಿಂದಕ್ಕೆ ತಳ್ಳಲು ಟಯರ್ ಲಿವರ್, ಡಿಸ್ಕ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್, ಒಗೆದ ಬಟ್ಟೆ. ಡಿಸ್ಕನ್ನು ಬೆರಳಿನಿಂದ ಮುಟ್ಟಬೇಡಿ. ಬೆರಳಿನ ಎಣ್ಣೆಯೇ ಸಾಕು, ಬ್ರೇಕ್ ಕೂಗಲು. ಗಾಲಿ ತೆಗೆದಿರುವಾಗ ಬ್ರೇಕ್ ಹಿಡಿಕೆ ಒತ್ತಬೇಡಿ, ಮಕ್ಕಳಿಗೂ ಒತ್ತಲು ಬಿಡಬೇಡಿ. ಪ್ಯಾಡ್‌ಗಳು ಅಂಟಿಕೊಂಡು ಗಾಲಿ ಮತ್ತೆ ಒಳಗೆ ಹೋಗುವುದಿಲ್ಲ. ಮಡಚಿದ ರಟ್ಟಿನ ಚೂರು ಸಿಕ್ಕಿಸಿಡಿ.

ಎಣ್ಣೆ ಬದಲಿಸುವ ಬ್ಲೀಡ್ ಕಿಟ್ ಕೊಳ್ಳುವ ಮೊದಲು ನಿಮ್ಮ ಬ್ರೇಕ್ ಯಾವುದನ್ನು ಕುಡಿಯುತ್ತದೆ ಎಂದು ನೋಡಿ. ಶಿಮಾನೊ, ಟೆಕ್ಟ್ರೊಗಳಿಗೆ ಮಿನರಲ್ ಆಯಿಲ್. ಸ್ರಾಮ್‌ನ ಬಹುಪಾಲು ಹಳೆಯ ಮಾದರಿಗಳಿಗೆ ಡಾಟ್ ದ್ರವ, ಕೆಲವು ಹೊಸದಕ್ಕೆ ಮಿನರಲ್. ಒಂದಕ್ಕೊಂದು ಹಾಕಿದರೆ ಒಳಗಿನ ಸೀಲುಗಳು ಕೆಟ್ಟು ಇಡೀ ಬ್ರೇಕ್ ಎಸೆಯಬೇಕಾಗುತ್ತದೆ. ಡಾಟ್ ದ್ರವ ಗಾಳಿಯ ತೇವ ಹೀರುತ್ತದೆ. ನಮ್ಮ ಜುಲೈ ತಿಂಗಳಲ್ಲಿ ಬಾಯಿ ತೆರೆದ ಬಾಟಲಿಯನ್ನು ಮುಂದಿನ ವರ್ಷಕ್ಕೆಂದು ಇಡುವುದು ವ್ಯರ್ಥ, ಚಿಕ್ಕ ಬಾಟಲಿ ತನ್ನಿ.

ಕ್ಯಾಸೆಟ್, ಕ್ರ್ಯಾಂಕ್, ಬಾಟಮ್ ಬ್ರಾಕೆಟ್ ಟೂಲ್‌ಗಳು?

ಆ ಕೆಲಸ ಎದುರಿಗೆ ಬಂದ ದಿನ ಕೊಳ್ಳಿ, ಮೊದಲೇ ಅಲ್ಲ. ಕೊಳ್ಳುವ ಮುನ್ನ ಹಿಂದಿನದು ಕ್ಯಾಸೆಟ್ಟೋ ಫ್ರೀವೀಲೋ ಎಂದು ಖಚಿತ ಮಾಡಿಕೊಳ್ಳಿ. ಎರಡರ ಟೂಲೂ ದೂರದಿಂದ ನೋಡಿದರೆ ಅವಳಿಜವಳಿ. ಗಾಲಿ ಬಿಚ್ಚಿ ಹಲ್ಲಿನ ಚಕ್ರಗಳನ್ನು ಹಿಂದಕ್ಕೆ ತಿರುಗಿಸಿ: ನಡುವೆ ಟೂಲ್ ಕೂರುವ ಹಲ್ಲಿನ ಭಾಗವೂ ಜೊತೆಗೆ ತಿರುಗಿದರೆ ಕ್ಯಾಸೆಟ್, ಅದು ನಿಂತೇ ಇದ್ದರೆ ಫ್ರೀವೀಲ್. ಏಳು ಗೇರಿನ ಅಗ್ಗದ ಸೈಕಲ್ಲುಗಳಲ್ಲಿ ಹೆಚ್ಚಾಗಿ ಫ್ರೀವೀಲ್. ಕ್ಯಾಸೆಟ್ ಬಿಚ್ಚಲು ಹಲ್ಲಿನ ಚಕ್ರ ತಿರುಗದಂತೆ ಹಿಡಿಯುವ ಚೈನ್ ವಿಪ್ ಕೂಡ ಬೇಕು. ಅದನ್ನು ಹಳೆಯ ಚೈನಿನ ತುಂಡನ್ನು ಕಬ್ಬಿಣದ ಪಟ್ಟಿಗೆ ಬೋಲ್ಟ್ ಮಾಡಿ ಮನೆಯಲ್ಲೇ ಮಾಡಬಹುದು. ನನ್ನದು ಹಾಗೇ ಮಾಡಿದ್ದು, ಎಂಟು ವರ್ಷ ಆಯಿತು.

ಚೌಕ ಕಂಬದ ಕ್ರ್ಯಾಂಕ್ ಕೀಳುವ ಪುಲ್ಲರನ್ನು ಕೈಯಿಂದಲೇ ಪೂರ್ತಿ ಒಳಗೆ ತಿರುಗಿಸಿದ ಮೇಲಷ್ಟೇ ಸ್ಪ್ಯಾನರ್ ಹಚ್ಚಬೇಕು. ಎರಡೇ ಸುತ್ತು ತಿರುಗಿಸಿ ಎಳೆದರೆ ಕ್ರ್ಯಾಂಕಿನ ಥ್ರೆಡ್ ಎಳೆ ಎಳೆಯಾಗಿ ಹೊರಬರುತ್ತದೆ.

ಸ್ಪೋಕ್ ಕೀ?

ಒಂದು ಇರಲಿ. ಆದರೆ ನಿಪ್ಪಲ್ (ಗಾಲಿಯ ಕಡ್ಡಿಯ ತುದಿಯ ನಟ್) ಅಳತೆ ಮೊದಲು ನೋಡಿ: 3.23, 3.30, 3.45 ಮಿಲಿಮೀಟರಿನವು ರೂಢಿಯಲ್ಲಿವೆ. ಹತ್ತು ಗುಂಡಿ ಇರುವ ದುಂಡನೆಯ ಅಗ್ಗದ ಕೀ ಎಲ್ಲಕ್ಕೂ ಕೂರುತ್ತದೆ, ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ. ಗಾಲಿಯ ಬೆಂಡು ತೆಗೆಯುವಾಗ ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚಲ್ಲ.

ಮುಂದಿನ ಸಸ್ಪೆನ್ಷನ್‌ಗೆ?

ಗಾಳಿಯ ಫೋರ್ಕ್ ಆದರೆ ಶಾಕ್ ಪಂಪು ಬೇಕು, ಟಯರ್ ಪಂಪು ಆಗುವುದಿಲ್ಲ. ಸ್ಪ್ರಿಂಗ್ ಫೋರ್ಕ್ ಆದರೆ ಒಣ ಬಟ್ಟೆ ಸಾಕು.

ಮಳೆಗಾಲದಲ್ಲಿ ಟೂಲ್‌ಗಳೇ ತುಕ್ಕು ಹಿಡಿಯುತ್ತವೆ. ಏನು ಮಾಡುವುದು?

ಒದ್ದೆ ಟೂಲನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡುವುದು ತುಕ್ಕಿಗೆ ಮನೆ ಕಟ್ಟಿಕೊಟ್ಟಂತೆ. ಕೆಲಸ ಮುಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆ ತಾಗಿಸಿದ ಬಟ್ಟೆಯಲ್ಲಿ ಒಂದೊಂದನ್ನೂ ಒರೆಸಿ, ಅದೇ ಬಟ್ಟೆಯಲ್ಲಿ ಸುತ್ತಿಡಿ. ನಮ್ಮ ಮನೆಯಲ್ಲಿ ಅವು ಇರುವುದು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ. ಆರಿದ್ರಾ ಮಳೆ ಹಿಡಿದು ಕೂತಾಗ ಇಡೀ ಮನೆಯಲ್ಲಿ ಒಣಗಿರುವ ಜಾಗ ಅದೊಂದೇ. ಹಪ್ಪಳದ ಡಬ್ಬಿಯ ಪಕ್ಕ ಅಲೆನ್ ಕೀ. ಮಸಿ ಸ್ವಲ್ಪ ಹಿಡಿಯುತ್ತದೆ, ತುಕ್ಕು ಹಿಡಿಯುವುದಿಲ್ಲ. ಗ್ಯಾಸ್ ಗೀಸರ್ ಮನೆಯವರು ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಕೂಡಿಟ್ಟುಕೊಳ್ಳಿ.

ಟಾರ್ಕ್ ವ್ರೆಂಚ್ ಇದ್ದರೆ ಕೆಲಸವಾದ ಮೇಲೆ ಅದರ ಅಂಕಿಯನ್ನು ಅತಿ ಕಡಿಮೆಗೆ ಇಳಿಸಿಡಿ. ಸ್ಪ್ರಿಂಗ್ ಬಿಗಿದೇ ಇದ್ದರೆ ಅಳತೆ ತಪ್ಪುತ್ತದೆ.

ಸವಾರಿಗೆ ಹೊರಟಾಗ ಚೀಲದಲ್ಲಿ ಏನಿರಬೇಕು?

ಟಿ25 ಮತ್ತು ಚೈನ್ ಬ್ರೇಕರ್ ಇರುವ ಮಲ್ಟಿಟೂಲ್, ಒಂದು ಟ್ಯೂಬ್, ಲಿವರ್, ಕೈಪಂಪು, ನಿಮ್ಮ ಚೈನಿಗೆ ಹೊಂದುವ ಕ್ವಿಕ್ ಲಿಂಕ್ (ತುಂಡಾದ ಚೈನ್ ಜೋಡಿಸುವ ಕೊಂಡಿ). ಇವುಗಳ ಜೊತೆ ಡಿರೈಲರನ್ನು ಫ್ರೇಮಿಗೆ ಹಿಡಿದಿಡುವ, ನಿಮ್ಮ ಫ್ರೇಮಿನದೇ ಒಂದು ಡಿರೈಲರ್ ಹ್ಯಾಂಗರ್. ಬಲಕ್ಕೆ ಬಿದ್ದರೆ ಮೊದಲು ಬಾಗುವುದು ಆ ಪುಟ್ಟ ಅಲ್ಯೂಮಿನಿಯಂ ತುಂಡು, ಬಾಗಿದರೆ ಡಿರೈಲರ್ ಗಾಲಿಯ ಕಡ್ಡಿಗಳಿಗೆ ಸಿಕ್ಕಿ ಗಾಲಿಯನ್ನೇ ಮುರಿಯಬಹುದು. ಫ್ರೇಮಿಗೊಂದು ಆಕಾರದ್ದು ಬರುತ್ತದೆ, ಕವಲೇದುರ್ಗದ ಬುಡದಲ್ಲಿ ನಿಂತು ಹುಡುಕಿದರೆ ಸಿಗುವ ವಸ್ತುವಲ್ಲ. ಉಪ್ಪಿನ ಪೊಟ್ಟಣ ಇಂಬಳಕ್ಕೆ (ಜಿಗಣೆಗೆ). ಪಂಕ್ಚರ್ ಹಾಕಲು ಕುಳಿತ ಜಾಗದಲ್ಲೇ ಅವು ಹತ್ತುವುದು.

ಯಾವ ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡಬೇಕು?

ಫೋರ್ಕಿನ ಒಳಗಿನ ಡ್ಯಾಂಪರ್, ಹೊಸ ಗಾಲಿ ಕಟ್ಟುವುದು, ತುಕ್ಕು ಹಿಡಿದು ಕಚ್ಚಿಕೊಂಡ ಬಾಟಮ್ ಬ್ರಾಕೆಟ್, ತಲೆ ಸವೆದ ಬೋಲ್ಟ್. ಕೊನೆಯದನ್ನು ಒಯ್ಯುವಾಗ ನೀವೇ ಮೊದಲು ಸುತ್ತಿಗೆ, ಉಳಿ ಹಾಕಿ ನೋಡಬೇಡಿ. ತಲೆ ಸ್ವಲ್ಪವಾದರೂ ಉಳಿದಿದ್ದರೆ ಅವರು ಟಾರ್ಕ್ಸ್ ಬಿಟ್ ಹೊಡೆದು ಕೂರಿಸಿ ತೆಗೆಯುತ್ತಾರೆ, ಪೂರ್ತಿ ಹೋಗಿದ್ದರೆ ಡ್ರಿಲ್ಲೇ ಗತಿ. ಸೈಕಲ್ಲನ್ನು ತೊಳೆದು ಒಯ್ಯಿರಿ. ಬಿಚ್ಚಿದ ಸಾಮಾನುಗಳನ್ನು ಬಿಚ್ಚಿದ ಕ್ರಮದಲ್ಲೇ ದಾರಕ್ಕೆ ಪೋಣಿಸಿ ಒಯ್ಯಿರಿ, ಮೊದಲು ತೆಗೆದ ವಾಷರಿಗೆ ಒಂದು ಗಂಟು ಹಾಕಿ.